3 ತಗಡು, 14 ಕ್ಲಿಕ್

ಮಂಡ್ಯದ ಹತ್ತಿರ ನಮ್ಮ ಜಮೀನಿನಲ್ಲಿ ಬಾವಿ ತೋಡಿದಾಗ ಎದ್ದ ಮಣ್ಣಿನ ದಿಬ್ಬವಿದೆ. ಅದಕ್ಕೆ ಒರಗಿಸಿಟ್ಟ ತೆಂಗಿನ ಕರಟವೇ ನನ್ನ ಗುರಿ. ಕಾಡುಪ್ರಾಣಿ ಬೇಟೆಯ ಕಾಲ 1972ರ ಕಾಯ್ದೆಗೇ ಮುಗೀತು. ನನ್ನದು ನಳಿಗೆ ಮಡಚಿ ಲೋಡ್ ಮಾಡುವ 4.5 ಮಿ.ಮೀ. ಸ್ಪ್ರಿಂಗ್ ಏರ್ ರೈಫಲ್.

ಸ್ಕೋಪ್ ಕೂರಿಸಿದ ದಿನದಿಂದ ಗುಂಡು ಕೆಳಗೇ. 25 ಮೀಟರಿಗೆ ಸೊನ್ನೆ ಹಿಡಿಯಲು, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಮಾಡಲು, ಸ್ಕೋಪಿನ ಮೇಲಿನ ತಿರುಪನ್ನು ತಿರುಗಿಸಿದೆ, ತಿರುಗಿಸಿದೆ, ಕೊನೆ ಮುಟ್ಟಲು 5 ಕ್ಲಿಕ್ (ತಿರುಪು ಸರಿಯುವ ಒಂದೊಂದು ಹೆಜ್ಜೆ) ಉಳಿಯಿತು. ಗುರಿಯೇನೋ ಸಿಕ್ಕಿತು, ಮಾರನೆಯ ದಿನ ಅದೇ ಕರಟಕ್ಕೆ ಹೊಡೆದರೆ ಒಂದು ಬಲಕ್ಕೆ, ಒಂದು ಮೇಲಕ್ಕೆ. ಕಟ್ಟೆ ಮೇಲೆ ಕೂತಿದ್ದ ಅಪ್ಪ ನಕ್ಕರು: ‘ಕೋವಿ ನೆಟ್ಟಗೈತೆ ಕಣ್ಲಾ, ನಿನ್ ದುರ್ಬೀನೇ ಸೊಟ್ಟ.’

ಸೊಟ್ಟ ಇದ್ದದ್ದು ನಳಿಗೆ. ಇಂಥ ರೈಫಲ್‌ಗಳಲ್ಲಿ ಅದು ತುಸು ತಲೆ ತಗ್ಗಿಸಿರೋದು ಮಾಮೂಲು. ಗುರಿ ನೋಡುವ ಹಿಂದಿನ ಮುಂದಿನ ಎರಡೂ ಗುರುತುಗಳು ನಳಿಗೆ ಮೇಲೇ ಇದ್ದರೆ ಈ ಬಾಗು ಗೊತ್ತೇ ಆಗಲ್ಲ, ಸ್ಕೋಪ್ ಹಾಕಿದಾಗ ಬಯಲಾಗುತ್ತೆ. ತಿರುಪು ತುದಿ ತಲುಪಿದರೆ ಸ್ಕೋಪಿನ ಒಳಗಿನ ಸ್ಪ್ರಿಂಗಿಗೆ ಬಿಗಿ ಉಳಿಯಲ್ಲ. ಈ ರೈಫಲ್ ಒಂದೇ ಈಡಿಗೆ ಹಿಂದಕ್ಕೂ ಮುಂದಕ್ಕೂ ಒದೆಯೋದರಿಂದ ಗುರಿ ಅಲೆದಾಡುತ್ತೆ.

ತಿರುಪನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಎಣಿಸಿದೆ: 120. ಹಿಂದಕ್ಕೆ 60 ಎಣಿಸಿ ನಡುವಿಗೆ ತಂದು ಹೊಡೆದರೆ ಗುಂಡು 10 ಸೆಂ.ಮೀ. ಕೆಳಗೆ. ಕಾಲು ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು) ಕ್ಲಿಕ್ 25 ಮೀಟರಿಗೆ ಹೆಚ್ಚುಕಮ್ಮಿ 1.8 ಮಿ.ಮೀ., ಮೊದಲು ನಡುವಿನಿಂದ ಏರಿಸಿದ್ದ 55 ಕ್ಲಿಕ್ಕಿಗೆ ಲೆಕ್ಕ ಸರಿಹೋಯಿತು.

ಇನ್ನು ತಿರುಪಿನ ಬದಲು ಸ್ಕೋಪಿನ ಹಿಂಭಾಗವನ್ನೇ ತುಸು ಎತ್ತೋದು ಅಂದುಕೊಂಡೆ. ತಂಪುಪಾನೀಯದ ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ದಪ್ಪ. ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಎರಡು ಉಂಗುರಗಳ ನಡುವೆ 100 ಮಿ.ಮೀ. ಅಂತರ. ಅಂದರೆ ಹಿಂದಿನ ಉಂಗುರದಡಿ ಒಂದು ಪಟ್ಟಿ ಇಟ್ಟರೆ 25 ಮೀಟರಿನಲ್ಲಿ ಗುಂಡು 2.5 ಸೆಂ.ಮೀ. ಮೇಲೆ. ಕತ್ತರಿಯಲ್ಲಿ ಕತ್ತರಿಸಿ, ಚೂಪಂಚು ಉಜ್ಜಿ (ಬೆರಳು ಕೊಯ್ದುಕೊಂಡ ಮೇಲೆ ಬಂದ ಬುದ್ಧಿ), ಮೂರು ಇಟ್ಟೆ. ನಾಲ್ಕನೆಯದು ಇಡಲಿಲ್ಲ, ಸ್ಕೋಪಿನ ಕೊಳವೆಯೇ ಬಾಗೀತು ಅನ್ನುವ ಭಯ. ಉಳಿದ 2.5 ಸೆಂ.ಮೀ.ಗೆ 14 ಕ್ಲಿಕ್ ಸಾಕಾಯಿತು.

ಅಪ್ಪ ಕರಟವನ್ನು 45 ಮೀಟರಿಗೆ ಒಯ್ದಿಟ್ಟರು. ಅಲ್ಲಿ ಗುಂಡು ಒಂದು ಗೇಣಿಗೆ ಅರ್ಧದಷ್ಟು ಇಳಿಯಿತು. 30 ಕ್ಲಿಕ್ ಏರಿಸಿದೆ, ಮೊದಲಿನ ಸ್ಥಿತಿಯಲ್ಲಿ ಅಷ್ಟು ಉಳಿದೇ ಇರಲಿಲ್ಲ. ಎರಡನೆಯ ಗುಂಡಿಗೆ ಕರಟ ಟಕ್ಕೆಂದಿತು. ‘ಇನ್ನೊಂದ್ ದಪ ಹೊಡಿ, ನೋಡವ’ ಅಂದರು.