ಗಡಿಯಂಚಿನ ಮಗುವಿಗೆ ಓದಿನ ಅಕ್ಕ-ಅಣ್ಣ ಆಗುವುದು ಹೇಗೆ?

ಮೈಸೂರಿನ ಕಾಲೇಜುಗಳಲ್ಲಿ ಓದುವ ನೀವು ನಾಲ್ಕೈದು ಗೆಳೆಯರು ಸೇರಿ, ಎಚ್.ಡಿ. ಕೋಟೆಯ ಕೇರಳ ಗಡಿ ಕಡೆಯ ಮಕ್ಕಳ ಓದಿಗೆ ನೆರವಾಗಬೇಕು ಅಂದುಕೊಂಡಿದ್ದೀರಾ? ಹಾಗಾದರೆ ನೋಟ್‌ಬುಕ್ ಹಂಚುವ ಯೋಚನೆಯನ್ನು ಮೊದಲು ಬಿಡಿ. ಹಂಚಿ, ಫೋಟೊ ತೆಗೆಸಿಕೊಂಡು ಹೋದವರನ್ನು ಹಾಡಿಗಳು, ಅಂದರೆ ಕಾಡಂಚಿನ ಆದಿವಾಸಿ ಕೇರಿಗಳು, ಬೇಕಾದಷ್ಟು ಕಂಡಿವೆ. ಎಂಟನೇ ತರಗತಿಯಿಂದ ಪಿಯುಸಿ ಸೇರುವವರೆಗೆ ಒಂದೇ ಮಗುವಿನ ಬೆನ್ನಿಗೆ ನಿಲ್ಲುವವರು ಬೇಕು.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮತ್ತು ಮುಖ್ಯ ಶಿಕ್ಷಕರಿಂದ ಲಿಖಿತ ಅನುಮತಿ ಪಡೆಯಿರಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪೋಷಕರ ಎದುರೇ ವಿಷಯ ಹೇಳಿ. ಭೇಟಿ ಶಾಲೆಯ ಆವರಣದಲ್ಲೇ ಇರಲಿ, ಒಬ್ಬೊಬ್ಬರೇ ಹೋಗಬೇಡಿ.

ಎಂಟನೇ ತರಗತಿಯೇ ಏಕೆಂದರೆ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ ಬರೆಯುವುದು ಆಗ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಸರ್ಕಾರವೇ ಊಟ-ವಸತಿ ಕೊಡುವ ವಸತಿ ಶಾಲೆಯ ಮಕ್ಕಳಿಗೆ ಇದು ಅನ್ವಯಿಸದು. ಪಠ್ಯದ ಪತ್ರಿಕೆಗೆ ಮೇಷ್ಟ್ರು ಇದ್ದಾರೆ. ಸಂಖ್ಯಾ ಸರಣಿ, ಚಿತ್ರಗಳ ಹೋಲಿಕೆಯಂಥ ಪ್ರಶ್ನೆಗಳಿರುವ ಬೌದ್ಧಿಕ ಸಾಮರ್ಥ್ಯದ ಪತ್ರಿಕೆಗೆ ಅಭ್ಯಾಸ ಮಾಡಿಸುವ ಕೆಲಸ ನಿಮ್ಮದು.

ಇನ್ನು ಕಾಗದಪತ್ರ. ನನ್ನನ್ನು ಕೇಳಿದರೆ ಗಣಿತಕ್ಕಿಂತ ಇದಕ್ಕೇ ಹೆಚ್ಚು ಸಮಯ ಕೊಡಿ. ಆಧಾರ್, ಶಾಲಾ ದಾಖಲೆ, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಇನಿಷಿಯಲ್, ಹುಟ್ಟಿದ ದಿನ ತಾಳೆ ನೋಡಿ. ಒಂದಕ್ಷರ ಹೆಚ್ಚುಕಡಿಮೆಯಾದರೂ ವಿದ್ಯಾರ್ಥಿವೇತನ ತಡೆಹಿಡಿಯಬಹುದು. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲೇ ವಿಚಾರಿಸಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗುವಾಗ ಅಪ್ಪನನ್ನೋ ಅವ್ವನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಮುಂದಿನ ಸಲ ಅವರೇ ಹೋಗಿಬರುವಂತಾಗಬೇಕು.

ಇಲ್ಲಿನ ಆದಿವಾಸಿಗಳಾದ ಜೇನುಕುರುಬರ ಮಗು ಮನೆಯಲ್ಲಿ ಆಡುವ ಮಾತು ಬೇರೆ, ಕೇರಳ ಗಡಿಯ ಬಾವಲಿ ಕಡೆ ಕಿವಿಗೆ ಬೀಳುವ ಮಲಯಾಳ ಬೇರೆ, ಪುಸ್ತಕದ ಕನ್ನಡ ಮತ್ತೂ ಬೇರೆ. ವಿಜ್ಞಾನದ ಪಾಠವನ್ನು ತನ್ನ ಮಾತಿನಲ್ಲೇ ಹೇಳಲಿ ಬಿಡಿ, ಉಚ್ಚಾರ ತಿದ್ದಲು ಹೋಗಬೇಡಿ. ಪಾರಿಭಾಷಿಕ ಪದ ಆಮೇಲೆ ಬಂದರಾಯಿತು.

ಕಾಫಿ ಕೊಯ್ಲು ಶುರುವಾದರೆ ಮನೆಮಂದಿ ಕೊಡಗಿನ ಕಡೆ ಕೂಲಿಗೆ ಹೊರಡುವುದುಂಟು, ಮಗುವೂ ಹಿಂದೆ ಹೋಗುತ್ತದೆ. ಬೈದು ಪ್ರಯೋಜನವಿಲ್ಲ. ಅಜ್ಜಿಯೋ ಚಿಕ್ಕಮ್ಮನೋ ಊರಲ್ಲಿದ್ದರೆ ಮಗುವನ್ನು ಅಲ್ಲಿ ಬಿಡಬಹುದೇ ಎಂದು ಕೊಯ್ಲಿಗೆ ಮೊದಲೇ ಮಾತಾಡಿ. ಫೋನಿಗೆ ವಾರದಲ್ಲೊಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಕಾಡಿನೊಳಗೆ ನೆಟ್‌ವರ್ಕ್ ನಿಮಗಾಗಿ ಕಾಯುವುದಿಲ್ಲ! ನಾಗರಹೊಳೆ ಕಾಡಿನ ರಸ್ತೆ ಸಂಜೆ 6ಕ್ಕೆ ಮುಚ್ಚುತ್ತದೆ ಎಂಬುದೂ ನೆನಪಿರಲಿ.

ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ಮಾತ್ರ ತಪ್ಪಿಸಬೇಡಿ. ಪಾಸಾದವರಿಗೆ ಪಿಯು ಅರ್ಜಿ, ಹಾಸ್ಟೆಲ್ ಅರ್ಜಿ ಎರಡನ್ನೂ ಒಟ್ಟಿಗೇ ಹಾಕಿಸಿ. ಫೇಲಾದವರಿಗೆ ಮುಂದಿನ ಪರೀಕ್ಷೆಯ ಶುಲ್ಕ ಕಟ್ಟಿಸಿ. ಅಷ್ಟರೊಳಗೆ ನಿಮ್ಮ ಡಿಗ್ರಿ ಮುಗಿದು ಕೆಲಸಕ್ಕೆ ಬೆಂಗಳೂರಿಗೆ ಹೊರಟಿರಾದರೆ, ಜೂನಿಯರ್ ಒಬ್ಬರನ್ನು ಖುದ್ದು ಕರೆದೊಯ್ದು ಮನೆಯವರಿಗೆ ಪರಿಚಯಿಸಿ, ದಾಖಲೆಗಳ ಜೆರಾಕ್ಸ್ ಫೈಲನ್ನು ಆ ಜೂನಿಯರ್ ಕೈಗೆ ಒಪ್ಪಿಸಿ.