ಬಣ್ಣಕ್ಕಿಂತ ಮೊದಲು ಪಟಿಕ: ಹತ್ತಿ ಬಟ್ಟೆಗೆ ಬಣ್ಣ ಹಾಕುವ ನನ್ನ ಅನುಭವ

ಗಿಡಮೂಲದ ಬಣ್ಣ ಹಾಕೋದು ಕಲಿಯಬೇಕು ಅಂತ ಬರುವವರು ಮೊದಲು ಕೇಳುವುದು ಬಣ್ಣದ ಬಗ್ಗೆ. ಕೆಂಪು ಕೊಡುವ ಮಂಜಿಷ್ಠದ ಬೇರು ಎಲ್ಲಿ ಸಿಗುತ್ತೆ, ದಾಳಿಂಬೆ ಸಿಪ್ಪೆ ಎಷ್ಟು ಬೇಕು, ಚೆಂಡುಹೂವು ಒಣಗಿಸಿದ್ದೋ ಹಸಿಯದೋ. ಪಟಿಕ ಎಷ್ಟು ಹಾಕಬೇಕು ಅಂತ ಯಾರೂ ಕೇಳುವುದಿಲ್ಲ. ಆದರೆ ನನ್ನ ಸಮಯ ಜಾಸ್ತಿ ಹೋಗುವುದು ಪಟಿಕದ ಕೆಲಸಕ್ಕೇ. ಬಣ್ಣದ ಪಾತ್ರೆ ಒಲೆ ಮೇಲೆ ಏರುವ ಹೊತ್ತಿಗೆ ಬಟ್ಟೆಯ ಹಣೆಬರಹ ಆಗಲೇ ನಿರ್ಧಾರ ಆಗಿರುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೆ ಒಂದು ತುಂಡು ಬಿಳಿ ಹತ್ತಿ ಬಟ್ಟೆ ತೆಗೆದುಕೊಂಡು ಅರ್ಧ ಭಾಗವನ್ನು ಮಾತ್ರ ಪಟಿಕದ ನೀರಲ್ಲಿ ಅದ್ದಿ ಒಣಗಿಸುತ್ತೇನೆ. ಒಣಗಿದ ಮೇಲೆ ನೋಡಿದರೆ ಎರಡು ಭಾಗಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಆಮೇಲೆ ಇಡೀ ತುಂಡನ್ನು ಮಂಜಿಷ್ಠದ ನೀರಿಗೆ ಹಾಕುತ್ತೇನೆ. ಅರ್ಧ ಗಂಟೆ ಬಿಟ್ಟು ತೆಗೆದು ಜಾಲಿಸಿದರೆ ಪಟಿಕ ಹಿಡಿದ ಅರ್ಧ ಇಟ್ಟಿಗೆ ಕೆಂಪು. ಇನ್ನರ್ಧ ಕೊಳೆ ನೀರಲ್ಲಿ ಅದ್ದಿದ ಹಾಗೆ ಮಾಸಲು ಗುಲಾಬಿ, ಅದೂ ಎರಡು ಸಲ ಒಗೆದರೆ ಮುಗೀತು. ನಡುವೆ ಗೆರೆ ಎಳೆದ ಹಾಗೆ ಗಡಿ.

ಕಾರಣ ಇಷ್ಟೇ. ಹತ್ತಿ ನೂಲಿಗೂ ಈ ಬಣ್ಣಗಳಿಗೂ ನಂಟು ಕಡಿಮೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ನೂಲಿನ ಒಳಗೆ ಕೂತು ಬಣ್ಣದ ಕಣವನ್ನು ಹಿಡಿದುಕೊಳ್ಳುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿ ಕೆಲಸದವರ ಜಾಣ್ಮೆ ಇರುವುದೂ ಇಲ್ಲೇ. ಅಳಲೆಕಾಯಿ ಮತ್ತು ಹಾಲಿನಲ್ಲಿ ನೆನೆಸಿದ ಬಟ್ಟೆಯ ಮೇಲೆ ಕೆಂಪು ಬೇಕಾದ ಕಡೆ ಪಟಿಕದ ನೀರು ಬಳಿಯುತ್ತಾರೆ. ಕಪ್ಪು ಬೇಕಾದ ಕಡೆ ಕಬ್ಬಿಣ, ಬೆಲ್ಲ ಕೊಳೆಸಿದ ನೀರು. ಆಮೇಲೆ ಬಟ್ಟೆಯನ್ನು ಬಣ್ಣದ ನೀರಲ್ಲಿ ಕುದಿಸಿದರೆ ಪಟಿಕ ಬಿದ್ದ ಜಾಗ ಮಾತ್ರ ಕೆಂಪಾಗಿ ಎದ್ದು ಬರುತ್ತದೆ. ಇದು ತೀರಾ ಹಳೆಯ ವಿದ್ಯೆ. ಮೊಹೆಂಜೊದಾರೊದಲ್ಲಿ ಸಿಕ್ಕ ಹತ್ತಿ ಬಟ್ಟೆಯ ಚೂರಿನಲ್ಲೂ ಮಂಜಿಷ್ಠದ ಜಾತಿಯ ಬೇರಿನ ಬಣ್ಣ ಇತ್ತು.

ಪಟಿಕ ಕೊಳ್ಳುವ ವಿಷಯಕ್ಕೆ ಬರೋಣ. ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಕಲ್ಲುಸಕ್ಕರೆಯಂಥ ಉಂಡೆ ಕೊಡುತ್ತಾರೆ. ನಾನು ಪುಡಿ ಕೊಳ್ಳುವುದಿಲ್ಲ, ಉಂಡೆಯನ್ನೇ ತಂದು ಕುಟ್ಟಿಕೊಳ್ಳುತ್ತೇನೆ. ಬೆಳಕಿಗೆ ಹಿಡಿದಾಗ ಗಾಜಿನ ಹಾಗಿದ್ದರೆ ಒಳ್ಳೆಯದು. ಹಳದಿ ಛಾಯೆ ಇದ್ದರೆ ಕಬ್ಬಿಣ ಸೇರಿರಬಹುದು, ಬಣ್ಣವೆಲ್ಲ ಮಂಕಾಗುತ್ತದೆ. ಗೊತ್ತಾಗದಿದ್ದರೆ ಒಂದು ಚಮಚ ಅಳಲೆಕಾಯಿ ಕಷಾಯಕ್ಕೆ ಚಿಟಿಕೆ ಪಟಿಕ ಹಾಕಿ. ಹಳದಿಯಾಗೇ ಉಳಿದರೆ ಸರಿ. ಬೂದು ಬಣ್ಣಕ್ಕೆ ತಿರುಗಿತೋ, ಅದನ್ನು ಬಾವಿ ನೀರಿಗೋ ಶೇವಿಂಗಿಗೋ ಇಟ್ಟುಕೊಳ್ಳಿ.

ಇನ್ನೊಂದು ಪರೀಕ್ಷೆ ಎಲೆ ಅಡಿಕೆ ಸುಣ್ಣದಿಂದ. ತಟ್ಟೆಯಲ್ಲಿ ಚಿಟಿಕೆ ಪಟಿಕದ ಪುಡಿಗೆ ಸ್ವಲ್ಪ ಸುಣ್ಣ, ಎರಡು ಹನಿ ನೀರು ಹಾಕಿ ಚಮಚದಲ್ಲಿ ತಿಕ್ಕಿ. ಮೂಗಿಗೆ ಅಮೋನಿಯ ಘಾಟು ಹೊಡೆದರೆ ಅದು ಅಮೋನಿಯಂ ಪಟಿಕ. ವಾಸನೆ ಇಲ್ಲದಿದ್ದರೆ ಪೊಟ್ಯಾಶ್ ಪಟಿಕ ಇರಬಹುದು. ಬಣ್ಣಕ್ಕೆ ಎರಡೂ ನಡೆಯುತ್ತವೆ. ಮುಂದೆ ಹೇಳುವ ಹಾಗೆ ಪಟಿಕದ ನೀರಿಗೆ ಒಗೆಯುವ ಸೋಡ ಹಾಕಿದಾಗ ಅಡುಗೆಮನೆಯೆಲ್ಲ ನಾರಬಾರದು ಅಂತ ನಾನು ಪೊಟ್ಯಾಶ್‌ನದ್ದನ್ನೇ ಆರಿಸುತ್ತೇನೆ, ಅಷ್ಟೆ. ನೀರು ಶುದ್ಧಿ ಘಟಕಗಳಲ್ಲಿ ಹಾಕುವ ಆಲಂ ಬೇರೆ, ಅದು ಬರೀ ಅಲ್ಯೂಮಿನಿಯಂ ಸಲ್ಫೇಟ್. ಅದರ ಅಗ್ಗದ ನಮೂನೆಗಳಲ್ಲಿ ಕಬ್ಬಿಣ ಇರುತ್ತದೆ.

ಈಗ ಕೆಲಸ. ಲೆಕ್ಕವೆಲ್ಲ ಒಣ ಬಟ್ಟೆಯ ತೂಕದ ಮೇಲೆ. ಒಂದು ಕೆಜಿ ಹತ್ತಿ ಬಟ್ಟೆ ಅಂತ ಇಟ್ಟುಕೊಳ್ಳಿ. ಮೊದಲು ಸೋಡ, ಸೋಪು ಹಾಕಿ ಒಂದು ಗಂಟೆ ಕುದಿಸಿ ಗಂಜಿ, ಎಣ್ಣೆ ಎಲ್ಲ ತೆಗೆಯಬೇಕು. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮೇಲೇ ನಿಂತರೆ ಇನ್ನೊಮ್ಮೆ ಕುದಿಸಿ. ಹನಿ ಬಿದ್ದ ಕೂಡಲೇ ಇಂಗಬೇಕು. ಆಮೇಲೆ 200 ಗ್ರಾಂ ಅಳಲೆಕಾಯಿ ಪುಡಿಯನ್ನು ಬಿಸಿ ನೀರಲ್ಲಿ ಕದಡಿ, ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ, ಹಿಂಡಿ, ಒಣಗಿಸುವುದು. ಅದರ ಒಗರು ನೂಲಿಗೆ ಅಂಟಿ ಪಟಿಕಕ್ಕೆ ಹಿಡಿತ ಕೊಡುತ್ತದೆ. ಅಳಲೆ ಬಟ್ಟೆಗೆ ಬೆಣ್ಣೆಯ ಹಳದಿ ಕೊಡುತ್ತದೆ ಅನ್ನುವುದು ನೆನಪಿರಲಿ. ತಿಳಿ ಗುಲಾಬಿ ಬೇಕಿದ್ದರೆ 80–100 ಗ್ರಾಂ ಸಾಕು.

ಪಟಿಕ 200 ಗ್ರಾಂ. ಬಿಸಿ ನೀರಲ್ಲೇ ಕರಗಿಸಿ. ತಣ್ಣೀರು ಒಂದು ಲೀಟರಿಗೆ ನೂರು ಗ್ರಾಂಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ, ಅಷ್ಟೆ. ಕುದಿಯುವ ನೀರು ಅದರ ಇಪ್ಪತ್ತು ಪಟ್ಟಿಗಿಂತಲೂ ಜಾಸ್ತಿ ಹಿಡಿಯುತ್ತೆ. (ಗಟ್ಟಿಯಾಗಿ ಕರಗಿಸಿದ ನೀರನ್ನು ಬಾಟಲಿಯಲ್ಲಿ ಮರೆತು ಬಿಟ್ಟರೆ ತಳದಲ್ಲಿ ಎಂಟು ಮುಖದ ಹರಳು ಕಟ್ಟುತ್ತದೆ. ಮಕ್ಕಳಿಗೆ ತೋರಿಸಬೇಕಾದ್ದೇ.) ಬರೀ ಪಟಿಕದ ನೀರು ಹುಳಿ, ಹತ್ತಿಗೆ ಅಷ್ಟು ಚೆನ್ನಾಗಿ ಹತ್ತುವುದಿಲ್ಲ. ಅದಕ್ಕೆ 25 ಗ್ರಾಂ ಒಗೆಯುವ ಸೋಡವನ್ನು ಬೇರೆ ಲೋಟದಲ್ಲಿ ಕರಗಿಸಿ, ಚಮಚ ಚಮಚವಾಗಿ ಸುರಿಯುತ್ತೇನೆ. ಪ್ರತಿ ಚಮಚಕ್ಕೂ ನೊರೆ ಬುರಬುರ ಏರುತ್ತದೆ. ಬಿದ್ದ ಜಾಗದಲ್ಲಿ ಬಿಳಿ ಮೋಡ ಎದ್ದು, ಕಲಕಿದಾಗ ಮತ್ತೆ ಕರಗಿ ನೀರು ತಿಳಿಯಾಗುತ್ತದೆ. ಆ ಮೋಡ ಕರಗುವುದು ನಿಧಾನವಾಯಿತು ಅಂದ ಕೂಡಲೇ ನಿಲ್ಲಿಸಬೇಕು. ಅದರ ಮೇಲೆ ಸೋಡ ಹಾಕಿದರೆ ಪಟಿಕವೆಲ್ಲ ಬಿಳಿ ಲೋಳೆಯಾಗಿ ತಳ ಸೇರುತ್ತದೆ, ಬಟ್ಟೆಗೆ ಏನೂ ಸಿಗುವುದಿಲ್ಲ. ದೊಡ್ಡ ಪಾತ್ರೆ ತೆಗೆದುಕೊಳ್ಳಿ, ನೊರೆ ಉಕ್ಕುತ್ತದೆ. ಸ್ಟೀಲ್ ಪಾತ್ರೆಯೇ ಆಗಲಿ, ಕಬ್ಬಿಣದ್ದು ಬೇಡವೇ ಬೇಡ.

ಇದಕ್ಕೆ ಬಟ್ಟೆ ಈಜುವಷ್ಟು ನೀರು ಸೇರಿಸಿ, ಒದ್ದೆ ಬಟ್ಟೆ ಹಾಕಿ, ಆಗಾಗ ತಿರುವುತ್ತಾ ಮರುದಿನದವರೆಗೆ ಬಿಡುತ್ತೇನೆ. ಹಿಂಡಿ ನೆರಳಲ್ಲಿ ಒಣಗಿಸಿ, ಒಂದು ವಾರ ಮಡಚಿ ಇಡುತ್ತೇನೆ. ಈ ವಾರದ ವಿಶ್ರಾಂತಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಕಣ್ಣಿಗೆ ಇಟ್ಟ ಬಟ್ಟೆಯ ಬಣ್ಣವೇ ಗಾಢ. ಬಣ್ಣದ ಪಾತ್ರೆಗೆ ಹಾಕುವ ಮುಂಚೆ ಒಮ್ಮೆ ಚೆನ್ನಾಗಿ ಜಾಲಿಸಬೇಕು. ಅಂಟದೆ ಉಳಿದ ಪಟಿಕ ಪಾತ್ರೆಯಲ್ಲೇ ಬಣ್ಣವನ್ನು ಹಿಡಿದು ಗಸಿಯಾಗಿ ಕೂರಿಸುತ್ತದೆ.

ರೇಷ್ಮೆ ಸುಲಭ. ಅದಕ್ಕೆ ಅಳಲೆಯೂ ಬೇಡ, ಸೋಡವೂ ಬೇಡ. ಬಟ್ಟೆಯ ತೂಕದ ನೂರಕ್ಕೆ 10–15 ಪಾಲು ಪಟಿಕ ಹಾಕಿದ ಉಗುರು ಬೆಚ್ಚಗಿನ ನೀರಲ್ಲಿ ರಾತ್ರಿ ನೆನೆಸಿದರೆ ಆಯಿತು. ಕುದಿಸಿದರೆ ಹೊಳಪು ಹೋಗುತ್ತದೆ.

ಬಣ್ಣಗಳಲ್ಲಿ ಚೆಂಡುಹೂವು ಪಟಿಕದ ಮೇಲೆ ಬಂಗಾರದ ಹಾಗೆ ಕೂರುತ್ತದೆ. ಮಂಜಿಷ್ಠವನ್ನು ಬಟ್ಟೆಯ ತೂಕದಷ್ಟೇ ಹಾಕುತ್ತೇನೆ, ಕುದಿ ಬರಿಸುವುದಿಲ್ಲ. 70 ಡಿಗ್ರಿ ದಾಟಿದರೆ ಕೆಂಪಿನ ಜೊತೆ ಕಂದೂ ಇಳಿಯುತ್ತದೆ. ನಮ್ಮ ಮಲೆನಾಡಿನ ಅಡಿಕೆ ಚೊಗರು (ಅಡಿಕೆ ಬೇಯಿಸಿದ ಮೇಲೆ ಉಳಿಯುವ ನೀರು) ತನ್ನ ಒಗರಿನ ಬಲದಲ್ಲೇ ಅರ್ಧ ಕೆಲಸ ಮಾಡಿಕೊಳ್ಳುತ್ತದೆ. ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದವರ ಕೈಮಗ್ಗದ ಬಟ್ಟೆಗಳಲ್ಲಿ ಆ ಕಂದು ಕೆಂಪು ನೋಡಿರುತ್ತೀರಿ. ನೀಲಿಗೆ ಪಟಿಕದ ಹಂಗಿಲ್ಲ, ಅದರ ದಾರಿಯೇ ಬೇರೆ. ಇನ್ನು ಅರಿಶಿನ, ಬೀಟ್‌ರೂಟ್. ವಿಡಿಯೊಗಳಲ್ಲಿ ಭರ್ಜರಿಯಾಗಿ ಕಾಣುತ್ತವೆ, ನಿಜ. ಎಷ್ಟು ಪಟಿಕ ಸುರಿದರೂ ಬಿಸಿಲಿಗೆ ಅವು ನಿಲ್ಲುವುದಿಲ್ಲ. ಸುಮ್ನೆ ದಂಡ.

ಪಟಿಕದ ನೀರನ್ನು ಒಂದೇ ಸಲಕ್ಕೆ ಚೆಲ್ಲುವುದಿಲ್ಲ. ಮುಂದಿನ ಬಟ್ಟೆಗೆ ಅರ್ಧದಷ್ಟು ಪಟಿಕ ಸೇರಿಸಿ ಮತ್ತೆ ಬಳಸುತ್ತೇನೆ. ಬಣ್ಣದ ಪಾತ್ರೆಯಲ್ಲಿ ಉಳಿದ ನೀರಿಗೂ ಸ್ವಲ್ಪ ಪಟಿಕ, ಆಮೇಲೆ ಸೋಡ ಹಾಕಿದರೆ ಬಣ್ಣವೆಲ್ಲ ಗಸಿಯಾಗಿ ಇಳಿಯುತ್ತದೆ. ಬಟ್ಟೆಯಲ್ಲಿ ಸೋಸಿ ಒಣಗಿಸಿದರೆ ಚಿತ್ರ ಬರೆಯುವ ಪುಡಿ ಸಿದ್ಧ.

ಮಳೆಗಾಲದಲ್ಲಿ ಬಾವಿ ನೀರು ಕೆಂಪಾದಾಗ ಪಟಿಕದ ಉಂಡೆಯನ್ನು ಕೊಡದಲ್ಲಿ ನಾಲ್ಕು ಸುತ್ತು ತಿರುಗಿಸುತ್ತೇವಲ್ಲ, ಅಲ್ಲೂ ಸೋಡ ಹೆಚ್ಚಾದಾಗ ಕಂಡ ಆ ಬಿಳಿ ಲೋಳೆಯದೇ ಕೆಲಸ. ಒಂದನ್ನೊಂದು ದೂರ ತಳ್ಳುತ್ತಾ ತೇಲುವ ಮಣ್ಣಿನ ಕಣಗಳನ್ನು ಒಟ್ಟುಗೂಡಿಸಿ ತಳಕ್ಕೆ ಎಳೆಯುತ್ತದೆ. ನೀರು ತಿಳಿಯಾಗುತ್ತದೆ, ಆದರೆ ರೋಗಾಣು ಸತ್ತಿರುವುದಿಲ್ಲ. ಕುದಿಸಿಯೇ ಕುಡಿಯಬೇಕು. ದೃಷ್ಟಿ ತೆಗೆದು ಕೆಂಡಕ್ಕೆ ಹಾಕಿದ ಪಟಿಕ ಉಬ್ಬಿ ಏನೇನೋ ಆಕಾರ ತಾಳುವುದಕ್ಕೆ ಕಾರಣ ಅದರೊಳಗಿನ ನೀರು. ಪಟಿಕದ ತೂಕದಲ್ಲಿ ನೂರಕ್ಕೆ 45 ಪಾಲು ನೀರೇ. ಸುಮಾರು 92 ಡಿಗ್ರಿಗೆ ಅದು ತನ್ನ ನೀರಲ್ಲೇ ಕರಗಿ, ಆಮೇಲೆ ಆವಿ ಬಿಡುತ್ತಾ ಹಗುರ ಬಿಳಿ ಬುರುಗಾಗುತ್ತದೆ. ಆ ಬುರುಗನ್ನು ಬಣ್ಣಕ್ಕೆ ಬಳಸುವುದಾದರೆ ಅಳತೆ ಅರ್ಧಕ್ಕೆ ಇಳಿಸಿ.

ಕೊನೆಗೆ ಒಗೆಯುವ ಮಾತು. ಅಂಟುವಾಳದ ಕಾಯಿ ಅಥವಾ ಸಾದಾ ಸೋಪು ಸಾಕು, ನೆರಳಲ್ಲಿ ಒಣಗಿಸಿ. ನಿಂಬೆಹಣ್ಣು, ಹುಣಸೆ ರಸ ಬಿದ್ದರೆ ತಕ್ಷಣ ನೀರು ಹಾಕಿ. ಹುಳಿ ಪಟಿಕವನ್ನು ನೂಲಿನಿಂದ ಬಿಡಿಸಿಕೊಂಡು ಹೋಗುತ್ತದೆ, ಹೋಗುವಾಗ ಬಣ್ಣವನ್ನೂ ಒಯ್ಯುತ್ತದೆ. ಊಟಕ್ಕೆ ಉಟ್ಟು ಹೋಗುವ ಸೀರೆಯಾದರೆ ಸಾರಿನ ಕಡೆ ಒಂದು ಕಣ್ಣಿರಲಿ.