ಸಾಮಾಜಿಕ ಸಮಸ್ಯೆಗೆ ಮಷಿನ್ ಲರ್ನಿಂಗ್ ಅಳವಡಿಸುವ ಬಗೆ: ಸಂಶೋಧಕರಿಗೆ ಕೆಲವು ಸೂಚನೆಗಳು

ದತ್ತಾಂಶವನ್ನು ಹುಡುಕುವ ಮೊದಲು, ಮಾದರಿ (ದತ್ತಾಂಶದಿಂದ ಕಲಿತು ಅಂದಾಜು ಮಾಡುವ ಕಂಪ್ಯೂಟರ್ ಪ್ರೋಗ್ರಾಂ) ಕೊಡುವ ಉತ್ತರವನ್ನು ನೋಡಿ ಯಾರು ಯಾವ ನಿರ್ಧಾರ ಕೈಗೊಳ್ಳುತ್ತಾರೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಆ ವಾಕ್ಯವನ್ನು ಬರೆಯಲಾಗದಿದ್ದರೆ ಸಂಶೋಧನಾ ಪ್ರಬಂಧವೇನೋ ಸಿದ್ಧವಾದೀತು, ಆದರೆ ಅದರಿಂದ ಜನರಿಗೆ ಉಪಯೋಗವಾಗದು.

ಮುಂಬೈಯ ಅರ್ಮಾನ್ ಸಂಸ್ಥೆಯ ಎಂಮಿತ್ರ ಯೋಜನೆಯನ್ನು ಗಮನಿಸಿ. ಅದು ಗರ್ಭಿಣಿಯರಿಗೂ ಬಾಣಂತಿಯರಿಗೂ ಆರೋಗ್ಯದ ಧ್ವನಿಸಂದೇಶಗಳನ್ನು ಫೋನಿನಲ್ಲಿ ತಲುಪಿಸುತ್ತದೆ. ದಿನ ಕಳೆದಂತೆ ಹಲವರು ಕೇಳುವುದನ್ನು ಬಿಡುತ್ತಾರೆ, ಅವರೆಲ್ಲರನ್ನೂ ಮಾತನಾಡಿಸುವಷ್ಟು ಕಾರ್ಯಕರ್ತೆಯರಿಲ್ಲ. ಆದ್ದರಿಂದ ಕೃತಕ ಬುದ್ಧಿಮತ್ತೆಯ ಸಂಶೋಧಕ ಮಿಲಿಂದ್ ತಾಂಬೆ ಮತ್ತು ಸಂಗಡಿಗರು ಎತ್ತಿಕೊಂಡ ಪ್ರಶ್ನೆ, ಈ ವಾರ ಯಾರಿಗೆ ಕರೆ ಮಾಡಬೇಕು ಎಂಬುದು. ಯಾರು ಬಿಟ್ಟುಹೋಗುತ್ತಾರೆ ಎಂದು ಊಹಿಸುವುದೇ ಬೇರೆ, ಯಾರಿಗೆ ಕರೆ ಮಾಡಿದರೆ ಅವರು ಉಳಿದುಕೊಳ್ಳುತ್ತಾರೆ ಎಂದು ಅಂದಾಜಿಸುವುದೇ ಬೇರೆ. ಮೊದಲನೆಯದು ಸುಲಭ; ಸಂಸ್ಥೆಗೆ ಬೇಕಾದದ್ದು ಎರಡನೆಯದು. ಸುಮಾರು 23,000 ಮಹಿಳೆಯರನ್ನು ಮೂರು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಪ್ರಯೋಗದಲ್ಲಿ, ಮಾದರಿ ಆರಿಸಿದವರಿಗೆ ಕರೆ ಹೋದ ಗುಂಪಿನಲ್ಲಿ ಕೇಳುವಿಕೆಯ ಕುಸಿತ, ಇಂಥ ಕರೆಗಳಿಲ್ಲದ ಗುಂಪಿಗೆ ಹೋಲಿಸಿದರೆ, ಸುಮಾರು 30% ತಗ್ಗಿತು. ಸರದಿಯಂತೆ ಕರೆ ಮಾಡಿದ ಗುಂಪಿನಲ್ಲಿ ಅಂಥ ಗಣನೀಯ ಲಾಭ ಕಾಣಲಿಲ್ಲ.

ಬಳಿಕ ಮಾದರಿಗೆ ಕಲಿಸುವ ಗುರಿಯನ್ನು, ಅಂದರೆ ಲೇಬಲ್ ಅನ್ನು, ಅನುಮಾನದಿಂದಲೇ ಪರೀಕ್ಷಿಸಿ. ಅಮೆರಿಕದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಒಂದು ಅಲ್ಗಾರಿದಮ್ ಹೆಚ್ಚಿನ ಆರೈಕೆ ಬೇಕಾದವರನ್ನು ಗುರುತಿಸಲು ಚಿಕಿತ್ಸೆಯ ವೆಚ್ಚವನ್ನು ಅಂದಾಜಿಸುತ್ತಿತ್ತು. ಬಿಳಿಯರಷ್ಟೇ ಕಾಯಿಲೆಯಿದ್ದರೂ ಕಪ್ಪು ಜನರಿಗಾಗಿ ಆಗುತ್ತಿದ್ದ ಖರ್ಚು ಕಡಿಮೆ. ಹಾಗಾಗಿ ಅವರು ಆರೋಗ್ಯವಂತರಂತೆ ತೋರಿದರು. ಈ ವ್ಯತ್ಯಾಸವನ್ನು ಸರಿಪಡಿಸಿದರೆ ಹೆಚ್ಚುವರಿ ಆರೈಕೆ ಪಡೆಯುವವರಲ್ಲಿ ಕಪ್ಪು ರೋಗಿಗಳ ಪಾಲು 17.7% ರಿಂದ 46.5%ಕ್ಕೆ ಏರುತ್ತದೆಂದು ಸಂಶೋಧಕ ಝಿಯಾದ್ ಓಬರ್ಮೇಯರ್ ಮತ್ತಿತರರು 2019ರಲ್ಲಿ ತೋರಿಸಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಅಳೆದ ವಸ್ತುವೇ ಬೇರೆಯಾಗಿತ್ತು. ನಮ್ಮಲ್ಲೂ ಆಸ್ಪತ್ರೆಗೆ ಬಂದವರ ದಾಖಲೆಯನ್ನು ರೋಗದ ಪ್ರಮಾಣವೆಂದೂ, ಠಾಣೆಯಲ್ಲಿ ದಾಖಲಾದ ದೂರುಗಳನ್ನು ಅಪರಾಧದ ಪ್ರಮಾಣವೆಂದೂ ಎಣಿಸುವವರು ಕಡಿಮೆಯೇನಿಲ್ಲ.

ಮಾದರಿಯ ಆಯ್ಕೆಗೆ ಇಷ್ಟು ಶ್ರಮ ಬೇಡ. ಹೌದು-ಅಲ್ಲ ಎಂಬ ಉತ್ತರದ ಸಾಧ್ಯತೆಯನ್ನು ಅಂದಾಜಿಸುವ ಸರಳ ಸಂಖ್ಯಾಶಾಸ್ತ್ರೀಯ ವಿಧಾನವಾದ ಲಾಜಿಸ್ಟಿಕ್ ರಿಗ್ರೆಶನ್‌ನಿಂದಲೇ ಆರಂಭಿಸಿ, ಅದನ್ನು ಮೀರಿಸಲಾಗದ ಡೀಪ್ ಲರ್ನಿಂಗ್ ಅನ್ನು (ಹಲವು ಪದರಗಳ ಜಾಲದ ಮೂಲಕ ಕಲಿಯುವ ಸಂಕೀರ್ಣ ವಿಧಾನ) ಬದಿಗಿಡಿ. ಆದರೆ ಮಾದರಿಯನ್ನು ಪರೀಕ್ಷಿಸಲೆಂದು ಎತ್ತಿಡುವ ದತ್ತಾಂಶವನ್ನು ಮನಬಂದಂತೆ ಚೆದುರಿಸಿ ತೆಗೆಯದೆ, ಕಾಲ ಮತ್ತು ಸ್ಥಳವನ್ನು ನೋಡಿ ಪ್ರತ್ಯೇಕಿಸಿ. ಕೆಲವು ತಾಲ್ಲೂಕುಗಳನ್ನು ಪೂರ್ತಿ ಹೊರಗಿಟ್ಟು ಪರೀಕ್ಷಿಸಿದಾಗಲೇ ಹೊಸ ಊರಿನಲ್ಲಿ ಮಾದರಿ ಹೇಗೆ ನಡೆದುಕೊಳ್ಳುತ್ತದೆಂದು ತಿಳಿಯುತ್ತದೆ. ಫಲಿತಾಂಶವನ್ನು ಒಟ್ಟು ಸರಾಸರಿಯಲ್ಲಿ ಮಾತ್ರ ಕೊಡದೆ ಲಿಂಗ, ಭಾಷೆ, ಗ್ರಾಮ ಮತ್ತು ನಗರಗಳಂತೆ ವಿಂಗಡಿಸಿಯೂ ಕೊಡಿ.

ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಎಥಿಕ್ಸ್ ಸಮಿತಿಯ ಅನುಮತಿಯನ್ನು ದತ್ತಾಂಶ ಕೈಸೇರುವ ಮುನ್ನವೇ ಪಡೆಯಿರಿ. ಅನುದಾನದ ಅರ್ಜಿಯಲ್ಲಿ, ನೀವು ಹೊರಟುಹೋದ ಮೇಲೆ ಮಾದರಿಯನ್ನು ಮರುತರಬೇತುಗೊಳಿಸುವವರ ಸಂಬಳಕ್ಕೂ ಹಣ ತೋರಿಸಿ. ಬಹುತೇಕ ಅರ್ಜಿಗಳಲ್ಲಿ ಆ ಸಾಲೇ ಇರುವುದಿಲ್ಲ.